ಒಂದೇ ನಂಬರಿನ ಎರಡು ಅಚ್ಚು

ಬೆನ್ನ ಕೆಳಗೆ ಹರಕು ಗೋಣಿಚೀಲ, ಮೂಗಿನ ತುದಿಯಲ್ಲಿ ಗ್ರೀಸು. ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ, ಅರವತ್ತು ವರ್ಷ ಹಳೆಯ ಸೇನಾ ಟ್ರಕ್ಕಿನ ಅಡಿ ಅಂಗಾತ ಮಲಗಿದ್ದ ಇನ್ಸ್‌ಪೆಕ್ಟರಮ್ಮನಿಗೆ ಹೊರಗಿನ ಲೋಕವೆಂದರೆ ತನಿಖಾಧಿಕಾರಿಯ ಎರಡು ಬೂಟುಗಳಷ್ಟೇ.

“ಆಯ್ತಾ ಮೇಡಂ?”

“ಇನ್ನೆರಡು ನಿಮಿಷ ಸರ್. ತುಕ್ಕು ಜಾಸ್ತಿ ಇದೆ.”

ತುಕ್ಕಿಗಿಂತ ಅವಳ ಹೆದರಿಕೆ ಜಾಸ್ತಿ ಇತ್ತು. ಅದನ್ನು ಬೂಟುಗಳಿಗೆ ಹೇಳುವ ಹಾಗಿರಲಿಲ್ಲ.

ಅವಳು ಪೊಲೀಸಿನವಳಲ್ಲ, ವಾಹನ ನೋಂದಣಿ ಕಚೇರಿಯ ತಪಾಸಣಾಧಿಕಾರಿ. ಟಾರ್ಚು ಹಿಡಿದು ಗಾಡಿಯ ಅಡಿಗೆ ತೂರುವ ಹೆಂಗಸನ್ನು ಜನ ಇನ್ಸ್‌ಪೆಕ್ಟರಮ್ಮ ಎನ್ನದೆ ಇನ್ನೇನನ್ನಬೇಕು? ಸೇನೆ ಕೈಬಿಟ್ಟ ಹಳೇ ಗಾಡಿ ಕೊಂಡು, ರಿಪೇರಿ ಮಾಡಿ, ರಸ್ತೆಗಿಳಿಸುತ್ತೇನೆ ಎನ್ನುವ ಹುಚ್ಚಿನವರೆಲ್ಲ ಅವಳನ್ನು ದಾಟಿಯೇ ಹೋಗಬೇಕು. ಬಂದೂಕು ನಿಲ್ಲಿಸುವ ಕಂಬ ಕತ್ತರಿಸಿದ್ದಾರೋ, ಸೇನೆಯ ಹಸಿರು ಬಣ್ಣ ತೆಗೆಸಿದ್ದಾರೋ, ಹುಟ್ಟಿದಾಗಿನಿಂದ ಇಲ್ಲದ ಇಂಡಿಕೇಟರು ಹಾಕಿಸಿದ್ದಾರೋ, ಎಲ್ಲ ನೋಡಬೇಕು. ಎಲ್ಲಕ್ಕಿಂತ ದೊಡ್ಡದು ಚಾಸಿ ನಂಬರು. ಉಕ್ಕಿನ ಚೌಕಟ್ಟಿನಲ್ಲಿ ಕೊರೆದ ಅಂಕಿಗಳ ಮೇಲೆ ಪೆನ್ಸಿಲ್ ಉಜ್ಜಿ, ಅಂಟುಪಟ್ಟಿ ಒತ್ತಿ, ಹುಷಾರಾಗಿ ಎತ್ತಿ, ಫೈಲಿಗೆ ಅಂಟಿಸಬೇಕು. ಮನುಷ್ಯರಿಗೆ ಬೆರಳಚ್ಚು ಹೇಗೋ ಗಾಡಿಗೆ ಅದು ಹಾಗೆ.

ಈ ಗಾಡಿ ಅವಳ ಅಣ್ಣನದು. ಮೆಕ್ಯಾನಿಕ್ ಆದ ಅಣ್ಣ ಇದನ್ನು ‘ಅಜ್ಜಿ’ ಎಂದೇ ಕರೆಯುತ್ತಿದ್ದ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಸೇನೆಯ ಗುಜರಿ ಹರಾಜು ನಡೆಯುವ ಅಂಗಳದ ಗೇಟಿನಲ್ಲಿ, ಬೂದು ಬಣ್ಣದ ಇಂಥದೇ ಟ್ರಕ್ಕೊಂದು ಕಾವಲುಗಾರನನ್ನು ಕೆಡವಿಕೊಂಡು ಹೋಗಿತ್ತು. ಆತ ಅಲ್ಲೇ ಸತ್ತ. ಊರಿನಲ್ಲಿದ್ದ ಬೂದು ಸೇನಾ ಟ್ರಕ್ಕು ಇದೊಂದೇ. ಅಣ್ಣ ಲಾಕಪ್ಪು ಸೇರಿ ಇವತ್ತಿಗೆ ಎರಡು ದಿನ.

ಅವನನ್ನು ಉಳಿಸುವ ದಾಖಲೆ ಒಂದೇ ಒಂದಿತ್ತು, ಅವಳದೇ ರಿಜಿಸ್ಟರು. ಗುರುವಾರ ಹತ್ತೂಮುಕ್ಕಾಲರಿಂದ ಹನ್ನೊಂದೂವರೆ ತನಕ ಅಜ್ಜಿ ನೋಂದಣಿ ಕಚೇರಿಯ ತಪಾಸಣೆ ಅಂಗಳದಲ್ಲಿತ್ತು ಎಂದು ಅದರಲ್ಲಿ ಬರೆದಿತ್ತು. ಬರೆದವಳು ಅವಳೇ. ಬರೆದದ್ದು ಸುಳ್ಳು.

ಕಚೇರಿಯವರೆಲ್ಲ ಕಣ್ಣು ಮಿಟುಕಿಸದೆ ಬರೆಯುವ ಸುಳ್ಳು ಅದು. ಸಂಜೆ ನಾಲ್ಕೂವರೆಗೆ ಮೇಲಧಿಕಾರಿ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ಸಹಿ ಹಾಕುತ್ತಾರೆ. ಆಮೇಲೆ ಬಂದ ಗಾಡಿಯನ್ನು ವಾಪಸ್ ಕಳಿಸಲು ಮನಸ್ಸು ಬಾರದಿದ್ದರೆ ತಪಾಸಣೆ ಮುಗಿಸಿ, ಮರುದಿನದ ಸಾಲಿನಲ್ಲಿ ಬರೆದುಕೊಳ್ಳುವುದು ಅಲ್ಲಿನ ರೂಢಿ. ಅಣ್ಣ ಗಾಡಿ ತಂದದ್ದು ಬುಧವಾರ ಸಂಜೆ ಐದಕ್ಕೆ.

“ಬಿಡುಗಡೆ ಪತ್ರದ ಗಡುವು ನಾಳೆಗೆ ಮುಗಿಯುತ್ತೆ ಕಣೇ. ನಾಳೆ ನಂಗೆ ಬರೋಕಾಗಲ್ಲ, ಇವತ್ತೇ ನೋಡ್ಬಿಡು” ಅಂದಿದ್ದ. ಸೇನೆ ಗಾಡಿಯನ್ನು ಬಿಟ್ಟುಕೊಟ್ಟೆವೆಂದು ಬರೆದುಕೊಡುವ ಪತ್ರಕ್ಕೆ ಒಂದು ವರ್ಷದ ಆಯುಷ್ಯ. ಅಷ್ಟರೊಳಗೆ ತಪಾಸಣೆ ಆಗದಿದ್ದರೆ ಗಾಡಿ ಗುಜರಿಗೇ ಸೈ. ಅಣ್ಣನ ಮುಖ ನೋಡಿ ಅವಳು ಇಲ್ಲ ಅನ್ನಲಿಲ್ಲ.

ನಿನ್ನೆ ತನಿಖಾಧಿಕಾರಿ ಬಂದು, “ಗುರುವಾರ ಹನ್ನೊಂದಕ್ಕೆ ಗಾಡಿ ನಿಮ್ಮಲ್ಲಿತ್ತಾ?” ಎಂದಾಗಲೂ ಇಲ್ಲ ಅನ್ನಲಿಲ್ಲ. “ರಿಜಿಸ್ಟರಲ್ಲಿ ಇದೆಯಲ್ಲ ಸರ್” ಅಂದುಬಿಟ್ಟಳು. ಅಣ್ಣ ಮಾತ್ರ ಆ ಕೆಲಸ ಮಾಡಿದವನಲ್ಲ, ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಪ್ಪ ಹೋದ ಮೇಲೆ ಇವಳನ್ನು ಓದಿಸಿದವನು, ಟ್ರಕ್ಕಿನ ಅಡಿ ಮಲಗುವುದನ್ನು ಕಲಿಸಿದವನು ಅವನೇ.

ಸೇನಾ ಗಾಡಿ ಪರೀಕ್ಷಿಸುವವಳು ಊರಿಗೆ ಅವಳೊಬ್ಬಳೇ ಆದ್ದರಿಂದ, ಆರೋಪಿಯ ತಂಗಿಯಾದರೂ ಇವತ್ತು ತನಿಖಾಧಿಕಾರಿ ಅವಳನ್ನೇ ಕರೆದಿದ್ದ. ಕೇಳಿದ್ದು ಸುಲಭದ ಕೆಲಸ. ಈ ಟ್ರಕ್ಕಿನ ಹೊಸ ಅಚ್ಚು ತೆಗೆಯುವುದು, ಫೈಲಿನಲ್ಲಿರುವ ಅಚ್ಚಿನ ಜೊತೆ ತಾಳೆ ನೋಡುವುದು. ಎರಡೂ ಒಂದೇ ಆದರೆ ಅಣ್ಣ ಸಂಜೆ ಐದಕ್ಕೆ ಮನೆಗೆ.

ಅಂಟುಪಟ್ಟಿ ಎತ್ತಿದಳು. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಫೈಲಿನ ಅಚ್ಚಿನ ಪಕ್ಕ ಹಿಡಿದಳು. ಒಂದೊಂದೇ ಅಂಕಿ ಓದಿದಳು. ಹನ್ನೊಂದು ಅಂಕಿಯೂ ಸರಿಯಾಗಿತ್ತು. ಉಸಿರು ಬಿಡುವಷ್ಟರಲ್ಲಿ ಕಣ್ಣು ಮತ್ತೆ ಹಿಂದಕ್ಕೆ ಹೋಯಿತು.

ಕೊನೆಯಲ್ಲಿ ಅಕ್ಕಪಕ್ಕ ಎರಡು ಮೂರುಗಳಿದ್ದವು. ಫೈಲಿನ ಅಚ್ಚಿನಲ್ಲಿ ಎರಡೂ ಒಂದೇ ಮಟ್ಟಕ್ಕೆ ಕೂತಿದ್ದವು. ಈಗ ತೆಗೆದದ್ದರಲ್ಲಿ ಎರಡನೆಯ ಮೂರು ಕೂದಲೆಳೆಯಷ್ಟು ಕೆಳಗಿತ್ತು.

ಅಂಟುಪಟ್ಟಿ ಸೊಟ್ಟಗೆ ಬಿದ್ದಿರಬೇಕೆಂದು ಇನ್ನೊಂದು ಅಚ್ಚು ತೆಗೆದಳು. ಆ ಮೂರು ಕೆಳಗೇ ಇತ್ತು. ಬೆರಳಿಂದ ಸವರಿದಳು. ಅಂಕಿಗಳ ಕೊರೆಯೊಳಗೆ ಅರವತ್ತು ವರ್ಷದ ತುಕ್ಕು ಗಟ್ಟಿಯಾಗಿ ಕೂತಿತ್ತು. ಬುಧವಾರ ಅಚ್ಚು ಎಷ್ಟು ಚೊಕ್ಕಟವಾಗಿ ಬಂತೆಂದು ತಾನೇ ಖುಷಿಪಟ್ಟಿದ್ದು ನೆನಪಾಯಿತು. ಮುದಿ ಉಕ್ಕಿನಿಂದ ಅಂಥ ಅಚ್ಚು ಬರುವುದಿಲ್ಲ. ಹೊಸದಾಗಿ ಕೊರೆದ ನಂಬರಿನಿಂದ ಬರುತ್ತದೆ.

ಬುಧವಾರ ಅಣ್ಣ ತಂದ ಟ್ರಕ್ಕು ಇದಲ್ಲ. ಅದು ಇದರ ನಂಬರು ಹೊತ್ತ ಇನ್ನೊಂದು ಟ್ರಕ್ಕು. ಮತ್ತು ಅದು ಅಣ್ಣನಿಗೆ ಗೊತ್ತಿತ್ತು.

ಕಣ್ಣಲ್ಲಿ ನೀರು ಬಂತು. ಹೆದರಿಕೆಗಲ್ಲ, ಅಣ್ಣ ತನಗೇ ಟೋಪಿ ಹಾಕಿದನಲ್ಲ ಎನ್ನುವ ಸಂಕಟಕ್ಕೆ.

“ಮೇಡಂ, ನಿದ್ದೆ ಹೋದ್ರಾ?”

ಹೊರಗೆ ಬಂದಳು. ತನಿಖಾಧಿಕಾರಿಗೆ ವಾರದಿಂದ ನೆಗಡಿ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಒಂದು ಚೀಟಿ ಮುಂದೆ ಹಿಡಿದ. ‘ಎರಡೂ ಅಚ್ಚುಗಳ ನಂಬರು ಒಂದೇ ಆಗಿರುತ್ತದೆ’ ಎಂದು ಮೊದಲೇ ಟೈಪು ಮಾಡಿಸಿ ತಂದಿದ್ದ.

“ನಂಬರ್ ಒಂದೇ ತಾನೆ?”

“ಒಂದೇ ಸರ್.”

“ಮತ್ತೇನ್ ಯೋಚನೆ? ಸೈನ್ ಹಾಕಿ. ನಂಗೆ ಬೇರೆ ತಲೆನೋವೇ ಬೇಕಾದಷ್ಟಿದೆ. ಆ ಕಾವಲುಗಾರ ಗಾಡಿ ಲೆಕ್ಕ ಬರೀತಿದ್ದ ಗೇಟ್ ಬುಕ್ಕಲ್ಲಿ ಒಂದು ಹಾಳೆ ಹರಿದಿದೆ. ಹೋದ ವರ್ಷದ್ದು, ಇದೇ ತಿಂಗಳು, ಇದೇ ಗುರುವಾರದ ತಾರೀಕು. ಒಂದು ವರ್ಷ ಹಳೇ ಹಾಳೆ ಯಾರಿಗೆ ಬೇಕಿತ್ತೋ!”

ಅವಳು ಸಹಿ ಹಾಕಿದಳು. ನಂಬರು ಒಂದೇ ಇದ್ದದ್ದು ನಿಜ, ಚೀಟಿಯಲ್ಲಿ ಇದ್ದದ್ದೂ ಅಷ್ಟೇ. ಅರ್ಧ ಸತ್ಯವನ್ನು ಬರೆದು, ಇನ್ನರ್ಧವನ್ನು ನುಂಗಿದಳು. ಗಂಟೆ ಎರಡೂಕಾಲು. ಐದರೊಳಗೆ ಎರಡನೇ ಟ್ರಕ್ಕು ಹುಡುಕಿದರೆ ಪೂರ್ತಿ ಸತ್ಯವನ್ನೂ ಹೇಳಬಹುದು, ಅಣ್ಣನನ್ನೂ ಉಳಿಸಿಕೊಳ್ಳಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಠಾಣೆಯ ಬಾಗಿಲಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಸತ್ತವನ ಹೆಂಡತಿ. ಗಂಡನ ಸೈಕಲ್ಲು ವಾಪಸ್ ತೆಗೆದುಕೊಂಡು ಹೋಗಲು ಬೆಳಿಗ್ಗೆಯಿಂದ ಕಾಯುತ್ತಿದ್ದಳಂತೆ.

“ನೀವು ಗಾಡಿ ಪರೀಕ್ಷೆ ಮಾಡೋರಲ್ವಾ ಅಮ್ಮ? ಅವರು ನಿಮ್ಮ ವಿಷಯ ಹೇಳ್ತಿದ್ರು” ಎಂದಳು. “ನಿಮ್ಮನ್ನ ನೋಡ್ಬೇಕು ಅಂತಿದ್ರು. ಈ ವಾರ ಬರೋರಿದ್ರು.”

“ನನ್ನನ್ನಾ? ಯಾಕೆ?”

“ಹಳೇ ಬುಕ್ಕು ತಿರುವಿ ನೋಡ್ತಿದ್ದಾಗ ಸಿಕ್ತಂತೆ. ಒಂದೇ ಪತ್ರ ತೋರಿಸಿ ಬೆಳಿಗ್ಗೆ ಒಂದು ಟ್ರಕ್ಕು, ಸಂಜೆ ಒಂದು ಟ್ರಕ್ಕು ಹೊರಗೆ ಹೋಗಿದೆ. ಸಂಜೆ ಹೋಗಿದ್ದು ಕತ್ತರಿಸಿ ಕರಗಿಸಬೇಕಿದ್ದ ಗಾಡಿ. ಅದೇ ಒಂದು ಚಿಂತೆ ಅವರಿಗೆ. ಊಟಕ್ಕೆ ಕೂತ್ರೂ ಅದೇ ಮಾತು, ಗೇಟಲ್ಲಿ ಕಂಡೋರ ಹತ್ರಾನೂ ಅದೇ ಮಾತು.”

“ಪೊಲೀಸರಿಗೆ ಇದನ್ನ ಹೇಳಿದ್ರಾ?”

“ಯಾರೂ ಕೇಳಲಿಲ್ಲವಲ್ಲಮ್ಮ.”

ಇನ್ಸ್‌ಪೆಕ್ಟರಮ್ಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ತನ್ನ ಸಹಿಯ ಶಾಯಿ ಇನ್ನೂ ಆರಿರಲಿಲ್ಲ, ಈ ಹೆಂಗಸು ತನ್ನನ್ನು ಅಮ್ಮ ಎಂದು ಕರೆಯುತ್ತಿದ್ದಾಳೆ. ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು.

ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಸೀಟಿನ ಮೇಲೇ ಫೈಲು ಬಿಚ್ಚಿದಳು. ಬಿಡುಗಡೆ ಪತ್ರದ ತಾರೀಕು ನೋಡಿದಳು. ಹರಿದ ಹಾಳೆಯ ತಾರೀಕೇ.

ಆಮೇಲೆ ಬುಧವಾರದ ಅಚ್ಚನ್ನು ಬಿಸಿಲಿಗೆ ಹಿಡಿದಳು. ಅಂಟುಪಟ್ಟಿ ಎತ್ತುವಾಗ ಪೆನ್ಸಿಲ್ ಪುಡಿಯ ಜೊತೆ ಸಣ್ಣಪುಟ್ಟ ಬಣ್ಣದ ಚೂರುಗಳೂ ಎದ್ದುಬರುತ್ತವೆ. ಪಟ್ಟಿಯ ಅಂಚಿನಲ್ಲಿ ಅಂಥದ್ದೊಂದು ಚೂರಿತ್ತು. ಮೇಲ್ಪದರ ಬೂದು. ಉಗುರಿನಿಂದ ಹೊರಳಿಸಿ ನೋಡಿದಳು, ಒಳಪದರ ಮರಳಿನ ಬಣ್ಣ.

ಅಣ್ಣನ ಶೆಡ್ಡಿನಲ್ಲಿ ಮರಳಿನ ಬಣ್ಣದ ಡಬ್ಬಿಯೇ ಇಲ್ಲ. ತನ್ನ ಗಾಡಿಗಳಿಗೆಲ್ಲ ಅದೇ ಬಣ್ಣ ಬಳಿಸುವ ಆಸಾಮಿ ಊರಿಗೆಲ್ಲ ಒಬ್ಬನೇ.

ಅಷ್ಟರಲ್ಲಿ ಫೋನು ಬಂತು. ಅತ್ತಿಗೆ.

“ಐದಕ್ಕೆ ಬಿಡ್ತಾರಂತೆ, ಹೌದೇನೇ? ನೀನು ಸೈನ್ ಹಾಕಿದ್ಯಂತೆ. ನಿನ್ನ ಹೊಟ್ಟೆ ತಣ್ಣಗಿರಲಿ ಕಣೇ. ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ, ಈಗ ಹಚ್ಚಿದೀನಿ.”

“ಅತ್ತಿಗೆ, ಬುಧವಾರ ಅಜ್ಜಿ ಎಲ್ಲಿತ್ತು?”

“ಶೆಡ್ಡಲ್ಲೇ ಇತ್ತಲ್ಲ, ಚಕ್ರ ಬಿಚ್ಚಿ ಇಟ್ಟಿದ್ರಲ್ಲ. ಬ್ರೇಕಿನ ಸಾಮಾನು ಬಂದಿದ್ದೇ ಗುರುವಾರ. ಯಾಕೆ?”

“ಏನಿಲ್ಲ. ಆಮೇಲೆ ಮಾಡ್ತೀನಿ.”

ಮರಳಿನ ಬಣ್ಣದ ಆ ಆಸಾಮಿಗೆ ಕರ್ನಲ್ ಎಂದು ಹೆಸರಿಟ್ಟವರು ಯಾರೋ ತಮಾಷೆಗೆ ಇಟ್ಟಿರಬೇಕು. ಸೇನೆಯಲ್ಲಿ ಒಂದು ದಿನ ಕಸ ಗುಡಿಸಿದವನೂ ಅಲ್ಲ. ಆದರೆ ಮೀಸೆ, ಖಾಕಿ ಅಂಗಿ, ಕೈಬೆತ್ತ ಯಾವುದಕ್ಕೂ ಕಮ್ಮಿ ಮಾಡಿರಲಿಲ್ಲ. ಅವನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಏಳು ಸೇನಾ ಗಾಡಿಗಳು ಸಾಲಾಗಿ ನಿಂತಿದ್ದವು, ಏಳಕ್ಕೂ ಇನ್ಸ್‌ಪೆಕ್ಟರಮ್ಮನದೇ ಸಹಿ. ಅವುಗಳನ್ನೆಲ್ಲ ರಿಪೇರಿ ಮಾಡಿದವನು ಅಣ್ಣ.

ಇವತ್ತು ನಾಲ್ಕರ ಹೊತ್ತಿಗೆ ಅವಳು ಒಳಗೆ ಕಾಲಿಟ್ಟಾಗ ಎಂಟನೆಯದೊಂದು ಇತ್ತು.

ಕೊನೆಯಲ್ಲಿ, ಟಾರ್ಪಾಲು ಅರ್ಧ ಎಳೆದು ನಿಲ್ಲಿಸಿದ್ದರು. ಪಕ್ಕದಲ್ಲಿ ಎರಡು ಗ್ಯಾಸ್ ಸಿಲಿಂಡರು, ಉಕ್ಕು ಕತ್ತರಿಸುವ ಕೊಳವೆ. ಶೆಡ್ಡಿನ ತುಂಬ ಹಸಿ ಬಣ್ಣದ ವಾಸನೆ. ಅವಳು ಮುಂಭಾಗದ ದಪ್ಪ ಬಂಪರನ್ನು ಮುಟ್ಟಿದಳು. ಬೆರಳಿಗೆ ಮರಳಿನ ಬಣ್ಣ ಹತ್ತಿತು. ಬೆರಳು ಒತ್ತಿದ ಜಾಗದಲ್ಲಿ ಅಡಿಯಿಂದ ಬೂದು ಕಂಡಿತು.

“ಇನ್ನೂ ಒಣಗಿಲ್ಲ, ಸೀರೆಗೆ ಆದೀತು” ಎಂದಿತು ಹಿಂದಿನಿಂದ ಒಂದು ದನಿ.

ಕರ್ನಲ್ ಬೆತ್ತ ಊರಿಕೊಂಡು ನಿಂತಿದ್ದ. ಗಾಬರಿಯ ಸುಳಿವೂ ಅವನ ಮುಖದಲ್ಲಿರಲಿಲ್ಲ. ಗಾಬರಿಯೆಲ್ಲ ಇವಳ ಪಾಲಿಗೇ ಬಂದಿತ್ತು.

“ಈ ಗಾಡಿ ಯಾವಾಗ ಬಂತು ಕರ್ನಲ್ ಸಾಹೇಬ್ರೇ? ನಾನು ಇದನ್ನ ನೋಡಿಲ್ಲವಲ್ಲ.”

“ನೋಡಿದೀರಲ್ಲ ಇನ್ಸ್‌ಪೆಕ್ಟರಮ್ಮ. ಬುಧವಾರ ಸಂಜೆ ಐದು ಗಂಟೆಗೆ. ಅಡಿಗೆ ಮಲಗಿ ಅಚ್ಚೂ ತೆಗೆದ್ರಿ.”

ಬುಧವಾರ ಅನ್ನುವುದು ಅಣ್ಣನಿಗೂ ತನಗೂ ಮಾತ್ರ ಗೊತ್ತಿರುವ ಗುಟ್ಟು ಎಂದುಕೊಂಡಿದ್ದಳು ಅವಳು.

“ಅಣ್ಣನಿಗೆ ನೀವು ಏನ್ ಹೇಳಿ ಒಪ್ಪಿಸಿದ್ರಿ?”

“ಒಪ್ಪಿಸೋದೇನು ಬಂತು? ಪಾಪ, ಅವನ ಗಾಡಿಗೆ ಬ್ರೇಕಿಲ್ಲ, ಪತ್ರದ ಗಡುವು ಮುಗೀತಾ ಇದೆ, ಅಳೋದೊಂದು ಬಾಕಿ. ನನ್ನ ಹತ್ರ ಇದರ ಜೋಡಿ ಇದೆಯಪ್ಪಾ, ನಿಂಗೆ ಬೇಕಾದ ನಂಬರೇ ಇದೆ, ಬೂದು ಬಣ್ಣ ಬಳಿದು ಒಂದು ಸಂಜೆ ತಗೊಂಡ್ ಹೋಗು ಅಂದೆ. ಉಪಕಾರ ಮಾಡಿದೆ.”

“ಜೋಡಿಯಲ್ಲ ಇದು. ಕತ್ತರಿಸಿ ಕರಗಿಸಬೇಕಿದ್ದ ಗಾಡಿ. ಅಣ್ಣನ ಪತ್ರ ತೋರಿಸಿ ಗೇಟು ದಾಟಿಸಿದ್ರಿ. ನಂಬರು ಕೊರೆಸಿದ್ರಿ. ನನ್ನ ಕೈಯಿಂದ್ಲೇ ಅದಕ್ಕೆ ಅಚ್ಚು ಹಾಕಿಸಿದ್ರಿ. ಕಾವಲುಗಾರ ಕಂಡುಹಿಡಿದ, ನನಗೆ ಹೇಳೋಕೆ ಹೊರಟಿದ್ದ. ಅದಕ್ಕೆ...”

“ಅದಕ್ಕೆ?”

ಅವನು ಬೆತ್ತದ ತುದಿಯಿಂದ ಗ್ಯಾಸ್ ಸಿಲಿಂಡರನ್ನು ಮೆಲ್ಲಗೆ ತಟ್ಟಿದ.

“ನೋಡಿ, ನಿಮಗೆ ಹೇಳಿಕೊಡೋವಷ್ಟು ದೊಡ್ಡವನಲ್ಲ ನಾನು. ಈ ಗಾಡಿ ಒಂದು ವರ್ಷದ ಹಿಂದೆ ತುಂಡಾಗಬೇಕಿತ್ತು, ಇವತ್ತು ಆಗುತ್ತೆ. ಅಲ್ಲಿಗೆ ಜೋಡಿಯೂ ಇಲ್ಲ, ಗೀಡಿಯೂ ಇಲ್ಲ. ಉಳಿಯೋದು ನಿಮ್ಮ ರಿಜಿಸ್ಟರು. ಗುರುವಾರ ಅಂತ ಬರೆದಿದೀರಿ. ಪೊಲೀಸರಿಗೂ ಗುರುವಾರ ಅಂದಿದೀರಿ. ಬುಧವಾರ ಅಂದ್ರೆ ನಿಮ್ಮ ಕೆಲಸ ಹೋಗುತ್ತೆ. ಜೊತೆಗೆ ನಿಮ್ಮಣ್ಣ ಗುರುವಾರ ಎಲ್ಲಿದ್ದ ಅಂತ ಹೇಳೋಕೆ ಯಾರೂ ಇರಲ್ಲ. ಅಣ್ಣ ಮನೆಗೆ ಬರಲಿ ಅಂತ ಆಸೆ ಇದೆ ತಾನೆ?”

ಇದೆ. ಆ ಆಸೆ ಎರಡು ದಿನದಿಂದ ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಸುಮ್ಮನೆ ತಿರುಗಿ ಹೋದರೆ ಸಾಕು, ಸಂಜೆ ಅಣ್ಣ ಮನೆಯಲ್ಲಿರುತ್ತಾನೆ, ಅತ್ತಿಗೆ ಒಲೆ ಹಚ್ಚಿದ್ದಾಳೆ. ತಾನು ಮಾಡಬೇಕಾದದ್ದು ಏನೂ ಇಲ್ಲ. ಏನೂ ಮಾಡದೆ ಇರುವುದು ಇಷ್ಟು ಕಷ್ಟದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಠಾಣೆಯ ಬೆಂಚಿನಲ್ಲಿ ಕೂತವಳ ಮುಖ ಕಣ್ಣ ಮುಂದಿನಿಂದ ಕದಲುತ್ತಲೇ ಇರಲಿಲ್ಲ.

ಟಾರ್ಪಾಲಿನ ಅಡಿಗೆ ಬಗ್ಗಿ, ಚೌಕಟ್ಟಿನ ಮೇಲಿನ ನಂಬರಿನ ಫೋಟೊ ತೆಗೆದಳು. ಎರಡು ಮೂರುಗಳೂ ಒಂದೇ ಮಟ್ಟಕ್ಕೆ ಕೂತಿದ್ದವು. ಬಂಪರಿನ ಮೇಲೆ ತನ್ನ ಬೆರಳು ಮೂಡಿದ ಜಾಗದ್ದೂ ಒಂದು ತೆಗೆದಳು. ಆಮೇಲೆ ತನಿಖಾಧಿಕಾರಿಯ ನಂಬರು ಒತ್ತಿದಳು.

ಕರ್ನಲ್ ತಡೆಯಲಿಲ್ಲ. ಅವನು ಬೆತ್ತ ಎತ್ತಿದ್ದರೆ, ಫೋನು ಕಿತ್ತುಕೊಂಡಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಕೈಗಡಿಯಾರ ನೋಡಿಕೊಂಡು ಸುಮ್ಮನೆ ನಿಂತ.

“ಹಲೋ ಸರ್, ನಾನು. ನಿಮಗೆ ನಿನ್ನೆ ಸುಳ್ಳು ಹೇಳ್ದೆ. ಅಚ್ಚು ತೆಗೆದಿದ್ದು ಗುರುವಾರ ಅಲ್ಲ, ಬುಧವಾರ ಸಂಜೆ. ಅದೂ ಅಣ್ಣನ ಗಾಡಿಯಿಂದ ಅಲ್ಲ. ಅದೇ ನಂಬರಿನ ಇನ್ನೊಂದು ಗಾಡಿ ಇದೆ, ಕರ್ನಲ್ ಶೆಡ್ಡಲ್ಲಿದೆ, ನಾನು ಅದರ ಮುಂದೇ ನಿಂತಿದೀನಿ. ಬೇಗ ಬನ್ನಿ, ಇದನ್ನ ಕತ್ತರಿಸೋಕೆ ಹೊರಟಿದಾರೆ. ಅಣ್ಣ ಮಾಡಿದ್ದು ತಪ್ಪೇ ಸರ್, ನಂಬರಿನ ಮೋಸ ಅವನಿಗೆ ಗೊತ್ತಿತ್ತು. ಆದ್ರೆ ಕೊಲೆ ಅವನದಲ್ಲ. ಗೇಟಿಂದ ಎರಡನೇ ಗಾಡಿ ಯಾರು ತಂದ್ರು, ನಂಬರು ಯಾರು ಕೊರೆದ್ರು, ಅಣ್ಣನ ಬಾಯಿ ಬಿಡಿಸಿ. ಎಲ್ಲ ಹೇಳ್ತಾನೆ. ಅವನೊಬ್ಬನೇ ಈಗ ಸಾಕ್ಷಿ.”

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕೆಲಸ ಹೋಯಿತು, ಹೋಗಲಿ. ಎರಡು ದಿನದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಅತ್ತ ಕಡೆ ತನಿಖಾಧಿಕಾರಿ ಮೂಗೇರಿಸಿದ ಸದ್ದು ಕೇಳಿತು.

“ಮೇಡಂ, ಇದನ್ನ ಒಂದು ಗಂಟೆ ಮುಂಚೆ ಹೇಳೋಕೇನಾಗಿತ್ತು ನಿಮಗೆ?”

“ಯಾಕೆ? ಅವನನ್ನ ಬಿಡೋದು ಐದಕ್ಕಲ್ವಾ?”

“ನಿಮ್ಮ ಚೀಟಿ ಬಂತಲ್ಲ. ನಮ್ಮ ಠಾಣೆಯ ದೊಡ್ಡ ಸಾಹೇಬ್ರು ಊರಿಗೆ ಹೊರಟಿದ್ರು, ಇರೋ ಕಾಗದಕ್ಕೆಲ್ಲ ಆಗಲೇ ಸಹಿ ಮಾಡಿ ಹೋದ್ರು. ಮೂರು ಗಂಟೆಗೇ ಬಿಟ್ಟುಬಿಟ್ವಿ.”

ಗೋಡೆಯ ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಅತ್ತಿಗೆಯಿಂದ ಮತ್ತೆ ಫೋನು ಬಂದಿರಲಿಲ್ಲ. ಗಂಡ ಬಾಗಿಲಿಗೆ ಬಂದಿದ್ದರೆ ಅವಳು ಇಷ್ಟು ಹೊತ್ತು ಸುಮ್ಮನಿರುವವಳಲ್ಲ.

“ಮನೆಗೆ ಹೋಗಿಲ್ಲವಲ್ಲ ಸರ್. ಯಾರ ಜೊತೆ ಹೋದ?”

“ಕಾರು ಬಂದಿತ್ತಲ್ಲ ಮೇಡಂ. ಕರ್ನಲ್ ಸಾಹೇಬ್ರ ಡ್ರೈವರು ಬಂದು ಕರ್ಕೊಂಡು ಹೋದ. ನೀವೇ ಹೇಳಿ ಕಳಿಸಿದ್ರಿ ಅಂದನಂತೆ. ಅದನ್ನ ಕೇಳಿಯೇ ನಿಮ್ಮಣ್ಣ ಕಾರು ಹತ್ತಿದ್ದು.”

ಕರ್ನಲ್ ಗೋಡೆಯ ಬದಿಯಿಂದ ಒಂದು ಕುರ್ಚಿ ಎಳೆದು ಅವಳ ಮುಂದೆ ಇಟ್ಟ. ಅದರ ಧೂಳನ್ನು ತನ್ನ ಕರವಸ್ತ್ರದಿಂದ ನಿಧಾನವಾಗಿ ಒರೆಸಿದ.

“ಕೂತ್ಕೊಳ್ಳಿ ಇನ್ಸ್‌ಪೆಕ್ಟರಮ್ಮ” ಎಂದ. “ನಿಮ್ಮಣ್ಣ ಇನ್ನೂ ಊರೊಳಗೇ ಇದಾನೆ. ಮುಂದೇನು ಅನ್ನೋದು ನೀವು ಈಗ ಆ ಫೋನಲ್ಲಿ ಏನ್ ಹೇಳ್ತೀರಿ ಅನ್ನೋದರ ಮೇಲಿದೆ.”

ಅವಳು ಕೂರಲಿಲ್ಲ. ಫೋನನ್ನು ಕಿವಿಯಿಂದ ತೆಗೆಯಲೂ ಇಲ್ಲ. ಅತ್ತ ಕಡೆಯಿಂದ ತನಿಖಾಧಿಕಾರಿ ಒಂದೇ ಸಮನೆ ಕೇಳುತ್ತಿದ್ದ, “ಮೇಡಂ, ಜೀಪ್ ಕಳಿಸ್ಲಾ ಬೇಡ್ವಾ? ಹೇಳಿ ಮೇಡಂ, ಕಳಿಸ್ಲಾ ಬೇಡ್ವಾ?”